ನೀರಣ್ಣ ನಿಲ್ಲಿಸಿದ ನೀರು

ಊರಿಗೆಲ್ಲ ನೀರು ಬಿಡುವವನು ಸ್ವಂತ ಮಗಳ ಬಾಯಿಗೆ ನೀರು ನಿಲ್ಲಿಸಿದ ಎಂದರೆ ಕೇಳಿದವರು ಮೊದಲು ನಂಬುವುದಿಲ್ಲ, ನಂಬಿದ ಮೇಲೆ ಅವನನ್ನು ರಾಕ್ಷಸ ಅನ್ನುತ್ತಾರೆ. ನಿಲ್ಲಿಸಿದ್ದು ನಿಜ. ರಾಕ್ಷಸ ಅನ್ನುವುದು ಸುಳ್ಳು. ಅವನು ರಾಕ್ಷಸನೇ ಆಗಿದ್ದರೆ ಈ ಕಥೆ ಹೇಳುವುದು ನೀರು ಕುಡಿದಷ್ಟು ಸುಲಭವಾಗುತ್ತಿತ್ತು. ನಾಲ್ಕು ಮಾತು ಬೈದು ಕೈ ತೊಳೆದುಕೊಂಡು ಏಳಬಹುದಿತ್ತು. ಆದರೆ ಅವನಷ್ಟು ಅಕ್ಕರೆಯಿಂದ ಮಗಳನ್ನು ಸಾಕಿದ ಅಪ್ಪಂದಿರು ಹುಡುಕಿದರೂ ಸಿಗುವುದು ಕಷ್ಟ.

ಬೀದಿಯವರಿಗೆ ಅವನು ನೀರಣ್ಣ. ಸರಬರಾಜು ಇಲಾಖೆಯಲ್ಲಿ ವಾಲ್ವ್ ತಿರುಗಿಸುವ ಕೆಲಸ. ದಿಬ್ಬದ ಮೇಲಿನ ಟ್ಯಾಂಕಿನಿಂದ ಇಳಿದು ಬರುವ ದೊಡ್ಡ ಪೈಪು ಬೀದಿಬೀದಿಗೆ ಕವಲಾಗುವ ಕಡೆಯಲ್ಲೆಲ್ಲ ರಸ್ತೆಯಲ್ಲೊಂದು ಚೇಂಬರು, ಅದರೊಳಗೊಂದು ವಾಲ್ವ್, ಮೇಲೊಂದು ಕಲ್ಲಿನಂಥ ಮುಚ್ಚಳ. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಉದ್ದಕ್ಕೆ ಕಟ್ಟಿಕೊಂಡು ಬೆಳಗಿನ ಮಬ್ಬಿನಲ್ಲೇ ಅವನು ಹೊರಡುತ್ತಿದ್ದ. ಒಂದು ಬೀದಿಗೆ ತೆರೆದು, ಇನ್ನೊಂದಕ್ಕೆ ಮುಚ್ಚಿ, ಮತ್ತೊಂದಕ್ಕೆ ಹೋಗಿ ತೆರೆಯಬೇಕು. ತೆರೆದ ಮೇಲೆ ಕೀಲಿಯ ತುದಿಗೆ ಕಿವಿ ಆನಿಸಿ ನಿಲ್ಲುತ್ತಿದ್ದ. ನೆಲದೊಳಗೆ ನೀರು ಹೋಗುತ್ತಿದೆಯೋ, ಬರೀ ಗಾಳಿಯೋ, ಎಲ್ಲಾದರೂ ಸೋರುತ್ತಿದೆಯೋ ಎಲ್ಲ ಆ ಕಬ್ಬಿಣದಲ್ಲಿ ಕೇಳಿಸುತ್ತಿತ್ತು.

ಅವನ ದೊಡ್ಡ ಗುಣ ಹೊತ್ತು ಮೀರದಿರುವುದು. ಮುಚ್ಚುವ ಹೊತ್ತಿಗೆ ಬೀದಿಯ ಹೆಂಗಸರು ಕೊಡ ಹಿಡಿದುಕೊಂಡು ಸೈಕಲ್ ಸುತ್ತ ನಿಲ್ಲುತ್ತಿದ್ದರು.

“ಇನ್ನೊಂದು ಸ್ವಲ್ಪ ಹೊತ್ತು ಬಿಡಿ ನೀರಣ್ಣ, ಡ್ರಮ್ಮು ಅರ್ಧ ಆಗಿದೆ.”

“ನಿಮಗೆ ಬಿಟ್ರೆ ಕೆಳಗಿನ ಬೀದಿಗೆ ಹೋಗೋದು ನನ್ನ ಬೆವರೇ ತಾಯಿ,” ಅನ್ನುತ್ತ ಕೀಲಿ ತಿರುಗಿಸಿಬಿಡುತ್ತಿದ್ದ.

ಜಪ್ಪಯ್ಯ ಅಂದರೂ ಬಗ್ಗದ ಮನುಷ್ಯ. ಬೈಯುವವರೂ ಅವನನ್ನು ಮೋಸಗಾರ ಅಂದದ್ದಿಲ್ಲ. ಯಾರ ಮನೆಗೂ ಹೆಚ್ಚಿಲ್ಲ, ಯಾರ ಮನೆಗೂ ಕಡಿಮೆ ಇಲ್ಲ ಎಂಬುದು ಅವನ ಹೆಮ್ಮೆ. ಆ ಹೆಮ್ಮೆಯೇ ಮುಂದೆ ಅವನ ಮನೆ ಹೊಕ್ಕು ಕೂತಿತು.

ಮನೆಯಲ್ಲಿ ಇದ್ದವರು ಮೂರು ಜನ. ಹೆಂಡತಿ ಟೈಲರ್ ಅಂಗಡಿಗಳಿಂದ ಬಟ್ಟೆ ತಂದು ಕಾಜಾ ಹೊಲಿದು ಗುಂಡಿ ಹಾಕಿಕೊಡುತ್ತಿದ್ದಳು. ಕಿಟಕಿಯ ಪಕ್ಕದ ಚಾಪೆಯ ಮೇಲೆ ಯಾವಾಗಲೂ ಬೇರೆಯವರ ಅಂಗಿಗಳ ರಾಶಿ. ಒಬ್ಬಳೇ ಮಗಳು, ಎರಡನೇ ಕ್ಲಾಸು ಮುಗಿಸಿದವಳು. ಹುಟ್ಟಿದಾಗ ಕೆನ್ನೆ ಯಾವುದು ಕುತ್ತಿಗೆ ಯಾವುದು ತಿಳಿಯದಷ್ಟು ದುಂಡಗಿದ್ದಳೆಂದು ಗುಂಡಮ್ಮ ಎಂದು ಕರೆದದ್ದು ಹಾಗೇ ಉಳಿದಿತ್ತು. ರಜೆಯಲ್ಲಿ ಅವಳು ಅಪ್ಪನ ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂತು ಊರೆಲ್ಲ ಸುತ್ತುತ್ತಿದ್ದಳು. ಯಾವ ಚೇಂಬರಿನ ಮುಚ್ಚಳ ಒಡೆದಿದೆ, ಯಾವ ವಾಲ್ವ್ ಬಿಗಿ, ಯಾವುದು ಸೋರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕೀಲಿಗೆ ಅವಳೂ ಕಿವಿ ಕೊಟ್ಟು, “ಅಪ್ಪಾ, ಬಂತು ಬಂತು” ಅನ್ನುತ್ತಿದ್ದಳು.

ಶಾಲೆ ಮತ್ತೆ ಶುರುವಾದ ಸುಮಾರಿಗೆ ಒಂದು ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ಅವಳು ಹಾಸಿಗೆಯಲ್ಲಿ ಉಚ್ಚೆ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಏನೋ ಕನಸು ಬಿದ್ದಿರಬೇಕು ಎಂದು ಅಮ್ಮ ನಕ್ಕು ಚಾದರ ಒಗೆದಳು. ಮರುದಿನವೂ ಒದ್ದೆ, ಅದರ ಮರುದಿನವೂ ಒದ್ದೆ. ಗುಂಡಮ್ಮ ಗೋಡೆ ಕಡೆ ಮುಖ ಮಾಡಿಕೊಂಡು, ಎದ್ದಿದ್ದರೂ ಎದ್ದಿಲ್ಲದವಳ ಹಾಗೆ ಮಲಗಿರುತ್ತಿದ್ದಳು.

ಇಲ್ಲಿ ನೀರಣ್ಣನ ತಮ್ಮನ ವಿಷಯ ಹೇಳಲೇಬೇಕು. ಚಿಕ್ಕಂದಿನಲ್ಲಿ ಆ ತಮ್ಮನಿಗೂ ಇದೇ ತೊಂದರೆಯಿತ್ತು, ಮೀಸೆ ಚಿಗುರುವವರೆಗೂ ಇತ್ತು. ಅವರ ತಾಯಿ ಒದ್ದೆ ಚಾದರವನ್ನು ಹಿತ್ತಲಲ್ಲಿ ಹರವದೆ ಬೀದಿ ಕಡೆಯ ಕಾಂಪೌಂಡಿನ ಮೇಲೆ ಹರವುತ್ತಿದ್ದಳು, ನಾಚಿಕೆಯಾದರೆ ಬಿಡುತ್ತಾನೆ ಎಂದು. ಅವನು ನಾಚಿಕೆಯೇನೋ ಪಟ್ಟ. ಬಿಡಲು ಮಾತ್ರ ಆಗಲಿಲ್ಲ, ಅದು ಅವನ ಕೈಯಲ್ಲಿದ್ದರೆ ತಾನೇ. ಜೊತೆಯ ಹುಡುಗರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಈಗ ಅವನು ಕೂದಲು ನರೆತ ಗೃಹಸ್ಥ. ಆದರೂ ಯಾರ ಮನೆಗೆ ಹೋದರೂ ಒಂದು ರಾತ್ರಿ ತಂಗುವುದಿಲ್ಲ, ಎಷ್ಟೇ ಹೊತ್ತಾದರೂ ಬಸ್ಸು ಹಿಡಿದು ವಾಪಸ್ಸು ಹೋಗುತ್ತಾನೆ. ಅದನ್ನು ಕಂಡಿದ್ದ ನೀರಣ್ಣ ಮೊದಲ ದಿನವೇ ಹೆಂಡತಿಗೆ ಕಡ್ಡಿ ಮುರಿದ ಹಾಗೆ ಹೇಳಿದ:

“ಹೊಡೆಯೋದಿಲ್ಲ, ಬೈಯೋದಿಲ್ಲ. ಈ ವಿಷಯ ನಮ್ಮ ಹೊಸ್ತಿಲು ದಾಟಬಾರದು.”

ಮಾತಿನಂತೆ ನಡೆದುಕೊಂಡ ಕೂಡ. ಹಾಸಿಗೆಯನ್ನು ಟಾರ್ಪಾಲಿನಲ್ಲಿ ಸುತ್ತಿ, ಇಲಾಖೆಯ ಸಾಮಾನೆಂಬಂತೆ ಸೈಕಲ್ಲಿನ ಹಿಂದೆ ಕಟ್ಟಿ, ದಿಬ್ಬದ ಮೇಲಿನ ಪಂಪ್‌ಹೌಸಿಗೆ ಒಯ್ಯುತ್ತಿದ್ದ. ಅದರ ತಾರಸಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಬಿಸಿಲಿಗೆ ಹಾಕಿ, ಸಂಜೆ ಒಣಗಿದ್ದನ್ನು ಮತ್ತೆ ಸುತ್ತಿಕೊಂಡು ಬರುತ್ತಿದ್ದ. ಗುಂಡಮ್ಮ ಶಾಲೆಯಿಂದ ಬರುವಷ್ಟರಲ್ಲಿ ಹಾಸಿಗೆ ಏನೂ ಆಗಿಲ್ಲದಂತೆ ಮೂಲೆಯಲ್ಲಿ ಇರುತ್ತಿತ್ತು. ಇಷ್ಟು ಮಾಡುವ ಅಪ್ಪ ಯಾರಿದ್ದಾರೆ ಹೇಳಿ.

ಪಂಪ್‌ಹೌಸಿನ ಆಪರೇಟರಿಗೆ ಮಾತ್ರ ವಿಷಯ ಗೊತ್ತಾಯಿತು. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಗುಂಡಮ್ಮ ಅವನನ್ನು ಪಂಪು ಮಾಮ ಅನ್ನುತ್ತಿದ್ದಳು. ಬಾಯಿ ಸ್ವಲ್ಪ ಜಾಸ್ತಿ, ಹೊಟ್ಟೆಯಲ್ಲಿ ಕಲ್ಮಶವಿಲ್ಲ.

“ಊರಿನ ಪೈಪೆಲ್ಲ ರಿಪೇರಿ ಮಾಡ್ತೀಯ, ಮನೇಲೇ ಸೋರಿಕೆ ಇಟ್ಕೊಂಡಿದ್ದೀಯಲ್ಲೋ,” ಎಂದು ಅವನು ನಕ್ಕ. ನೀರಣ್ಣನ ಮುಖ ಸಪ್ಪಗಾದದ್ದು ಕಂಡು ದನಿ ತಗ್ಗಿಸಿದ. “ತಲೆ ಕೆಡಿಸ್ಕೋಬೇಡ. ನನ್ನ ಮಗನೂ ದೊಡ್ಡ ಹುಡುಗ ಆಗೋವರೆಗೆ ಹಾಸಿಗೆ ನೆನೆಸ್ತಿದ್ದ. ತಾನಾಗೇ ಬಿಟ್ಟುಹೋಯ್ತು. ಈಗ ಅವನಿಗೇ ಎರಡು ಮಕ್ಕಳು.”

ಆ ಮಾತು ಆಪರೇಟರ ಮಗನ ಮಟ್ಟಿಗೆ ನಿಜವೇ. ಗುಂಡಮ್ಮನ ಮಟ್ಟಿಗೆ ಅದು ನಿಜವಲ್ಲ ಎಂದು ಹೇಳಬಲ್ಲವರು ಆ ತಾರಸಿಯ ಮೇಲೆ ಯಾರೂ ಇರಲಿಲ್ಲ. ಅದೇ ಆಪರೇಟರು ಇನ್ನೊಂದು ದಿನ ಹಾಸಿಗೆಯ ಸುತ್ತ ಬಗ್ಗಿ ನೋಡಿ ಕೇಳಿದ: “ಇದೇನೋ, ಈ ಪಾಟಿ ಇರುವೆ? ಸಕ್ಕರೆ ಡಬ್ಬಿ ಏನಾದ್ರೂ ಇದರ ಮೇಲೆ ಮಗುಚಿದ್ರಾ?” ನೀರಣ್ಣ ಹಾಸಿಗೆ ಕೊಡವಿದ. ಮನೆಗೆ ಬಂದು ಹೆಂಡತಿಗೆ ಹೇಳಿದ. ಮಗಳು ಮಲಗುವಾಗ ಕದ್ದು ಬಿಸ್ಕತ್ತು ತಿನ್ನುತ್ತಾಳೆಂದು ಅವಳು ಬಿಸ್ಕತ್ತಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ಗುಂಡಮ್ಮ ತಾನು ತಿಂದಿಲ್ಲವೆಂದು ಅತ್ತಳು, ಯಾರೂ ನಂಬಲಿಲ್ಲ.

ಈ ಹೊತ್ತಿಗೆ ಗುಂಡಮ್ಮ ನೀರು ಕುಡಿಯುವುದು ಎಲ್ಲರ ಕಣ್ಣಿಗೆ ಬೀಳುವಷ್ಟಾಗಿತ್ತು. ಚೊಂಬು ಎತ್ತಿದರೆ ಖಾಲಿ ಮಾಡಿಯೇ ಇಳಿಸುತ್ತಿದ್ದಳು. ಊಟದ ನಡುವೆ, ಆಟದ ನಡುವೆ, ಕೊನೆಗೆ ಸ್ನಾನದ ಮಗ್ಗಿನಿಂದಲೂ ಕುಡಿಯುತ್ತಿದ್ದಳು. ನೀರಣ್ಣ ಇದನ್ನು ನೋಡಿದ, ಯೋಚಿಸಿದ, ತಿಳಿಯಿತು ಅಂದುಕೊಂಡ. ಅವನ ಬುದ್ಧಿಗೆ ಅದು ಅಷ್ಟು ನೇರವಾಗಿ ಕಂಡಿತ್ತು: ಮೇಲಿನಿಂದ ಇಷ್ಟೊಂದು ಬಿಟ್ಟರೆ ಕೆಳಗೆ ಹರಿಯದೆ ಏನಾಗುತ್ತದೆ? ಇಡೀ ಆಯಸ್ಸು ಅವನು ಮಾಡಿದ್ದು ಆ ಒಂದೇ ಲೆಕ್ಕಾಚಾರ.

ಮೊದಲು ಸಂಜೆ ದೀಪ ಹಚ್ಚಿದ ಮೇಲೆ ನೀರಿಲ್ಲ ಎಂದಾಯಿತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನೇ ತಿಳಿಹೇಳಿದ.

“ನೋಡು ಗುಂಡಮ್ಮ, ನಿನ್ನ ಹೊಟ್ಟೇಲೂ ಒಂದು ಪುಟ್ಟ ಟ್ಯಾಂಕ್ ಇದೆ. ಸಂಜೆ ತುಂಬಿಸಿದ್ರೆ ನಿದ್ದೇಲಿ ತುಳುಕತ್ತೆ. ಬೇಗ ವಾಲ್ವ್ ಮುಚ್ಚಿಬಿಡೋಣ, ಆಯ್ತಾ?”

“ಆಯ್ತಪ್ಪಾ,” ಅಂದಳು ಅವಳು. ತನ್ನ ಹೊಟ್ಟೆಯಲ್ಲೂ ವಾಲ್ವ್ ಇದೆಯೆಂದು ಖುಷಿಯೇ ಆಗಿತ್ತು ಅವಳಿಗೆ.

ಹಾಸಿಗೆ ಒಣಗಲಿಲ್ಲ. ಆಗ ಶಾಲೆಯಿಂದ ಬಂದ ಮೇಲೆ ನೀರಿಲ್ಲ ಎಂದಾಯಿತು. ಆಗಲೂ ಒಣಗಲಿಲ್ಲ. ಕೆಲಸಕ್ಕೆ ಇಳಿದರೆ ಅರ್ಧಕ್ಕೆ ಬಿಡುವವನಲ್ಲ ನೀರಣ್ಣ. ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು ಲೋಟ ಎಂದು ಕಟ್ಟುಮಾಡಿದ. ಕುಡಿಯುವ ನೀರಿನ ಬಿಂದಿಗೆ ಅವಳ ಕೈಗೆಟುಕದ ಗೂಡಿಗೆ ಹೋಯಿತು. ಬಚ್ಚಲ ನಲ್ಲಿಗೆ ಬರುವ ಪೈಪಿನ ವಾಲ್ವನ್ನು ಅವನೇ ಮುಚ್ಚಿ, ಅದರ ಹಿಡಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಊರಿಗೆ ನೀರು ಬಿಡುವವನ ಮನೆಯ ನಲ್ಲಿ ಹಗಲಿಡೀ ಒಣಗಿರುತ್ತಿತ್ತು.

ಹೆಂಡತಿಯ ಕರುಳು ತಡೆಯಲಿಲ್ಲ. ಮಗಳ ಶಾಲೆಯ ಲಂಗದ ಸೊಂಟದ ಹುಕ್ಕನ್ನು ಅವಳು ಒಮ್ಮೆ ಒಳಕ್ಕೆ ಹಾಕಿ ಹೊಲಿದಿದ್ದಳು. ಕೆಲವೇ ದಿನಕ್ಕೆ ಮತ್ತೆ ಒಳಕ್ಕೆ ಹಾಕಬೇಕಾಯಿತು. ಲಂಗವನ್ನು ಗಂಡನ ಮುಂದೆ ಹಿಡಿದು ತೋರಿಸಿದಳು.

“ನೋಡ್ರೀ, ಇದು ಹೋದ ವರ್ಷದ್ದು. ಬಿಗಿ ಆಗಬೇಕಾದ್ದು ಜಾರ್ತಾ ಇದೆ. ಮಗು ಸೊರಗಿ ಹೋಗ್ತಿದೆ. ಡಾಕ್ಟರಿಗೆ ಒಂದ್ಸಲ ತೋರಿಸೋಣ.”

“ಏನಂತ ತೋರಿಸ್ತೀಯ? ಅಲ್ಲಿ ಬೆಂಚಿನ ಮೇಲೆ ಅರ್ಧ ಊರು ಕೂತಿರತ್ತೆ. ಎಲ್ಲರೂ ನನ್ನ ಗುರುತಿನೋರು. ನಾಳೆ ಶಾಲೇಲಿ ಮಕ್ಕಳು ಅವಳನ್ನ ಏನಂತ ಕರೀತಾರೆ ಗೊತ್ತಾ? ನನ್ನ ತಮ್ಮನ್ನ ನೀನು ನೋಡಿಲ್ವಾ?”

“ಬಾಯಿ ಒಣಗಿ ತುಟಿ ಬಿರೀತಿದೆ ರೀ.”

“ಇನ್ನು ಸ್ವಲ್ಪ ದಿನ. ನಿಂತುಹೋಗತ್ತೆ. ನೀನು ನಡುವೆ ಕದ್ದು ಕೊಡಬೇಡ, ಅಷ್ಟೇ.”

ಅವಳು ಕದ್ದು ಕೊಡುತ್ತಿದ್ದಳು. ಗಂಡ ಬೆಳಿಗ್ಗೆ ಹಾಸಿಗೆ ಮುಟ್ಟಿ ನೋಡಿ, ಅವಳ ಮುಖ ನೋಡುತ್ತಿದ್ದ. ಒದ್ದೆಯಾಗಿದ್ದು ತನ್ನಿಂದಲೇ ಎಂದು ಅವಳಿಗೂ ಅನ್ನಿಸತೊಡಗಿತು. ಕೊಡುವುದನ್ನು ಕಡಿಮೆ ಮಾಡಿದಳು. ತಾಯಿಗೆ ತಿಳಿದದ್ದನ್ನು ಅವಳೇ ನಂಬಲಿಲ್ಲ. ಇದಕ್ಕೆ ಅವಳು ಮುಂದೆ ತನ್ನನ್ನು ತಾನು ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಶಾಲೆಯಿಂದ ಟೀಚರ್ ಕರೆಸಿದರು. ಕ್ಲಾಸಿನ ಹೊರಗೆ, ಮಕ್ಕಳ ಚಪ್ಪಲಿಗಳ ಸಾಲಿನ ಪಕ್ಕದಲ್ಲಿ ನಿಂತು ಹೇಳಿದರು: “ಪಾಠದ ಮಧ್ಯೆ ಪದೇಪದೇ ಹೊರಗೆ ಹೋಗಬೇಕು ಅಂತಾಳೆ. ಬೇರೆ ಮಕ್ಕಳ ಬಾಟಲಿ ತೆಗೆದು ಕುಡೀತಾಳೆ. ಮೊದಲು ಹೀಗಿರಲಿಲ್ಲ ನೋಡಿ. ಬೆಂಚಿನ ಮೇಲೆ ತಲೆ ಇಟ್ಟು ಮಲಗಿಬಿಡ್ತಾಳೆ.”

ನೀರಣ್ಣನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ತನ್ನ ಮಗಳು ಇನ್ನೊಬ್ಬರ ನೀರು ಕದಿಯುವುದೇ? ಅದನ್ನು ಬಿಟ್ಟು ಟೀಚರ ಬೇರೆ ಯಾವ ಮಾತೂ ಅವನ ಕಿವಿಗೆ ಹೋಗಲಿಲ್ಲ. ದನಿ ಇಳಿಸಿ, “ಸ್ವಲ್ಪ ತೊಂದರೆ ಇದೆ ಟೀಚರ್, ಔಷಧಿ ನಡೀತಿದೆ. ದಯವಿಟ್ಟು ನೀರು ಕುಡಿಯೋಕೆ ಬಿಡಬೇಡಿ,” ಎಂದು ಸುಳ್ಳು ಸೇರಿಸಿ ಕೇಳಿಕೊಂಡ. ಅಪ್ಪನೇ ಬಂದು ಕೈ ಮುಗಿದು ಹೇಳಿದ ಮೇಲೆ ಟೀಚರ್ ಏನು ಮಾಡಿಯಾರು? ಗುಂಡಮ್ಮನನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿಕೊಂಡರು. ಬಾಟಲಿಗಳೆಲ್ಲ ಹಿಂದಿನ ಗೋಡೆಯ ಕಡೆ ಹೋದವು.

ಹೀಗೆ ಆ ಮಗುವಿಗೆ ಎಲ್ಲ ಕಡೆಯಿಂದಲೂ ಮುಚ್ಚಿತು. ಮುಚ್ಚಿದವರೆಲ್ಲ ಅವಳ ಒಳ್ಳೆಯದಕ್ಕೇ ಮುಚ್ಚಿದ್ದರು.

ಒಂದು ಸಂಜೆ ನೀರಣ್ಣ ಮೇಲಿನ ಬೀದಿಗೆ ನೀರು ಬಿಡಲು ಹೊರಟಿದ್ದ. ಶಾಲೆಯ ಹಿಂದಿನ ತಿರುವಿನಲ್ಲಿ ಮುಚ್ಚಳ ಒಡೆದ ಒಂದು ಚೇಂಬರಿತ್ತು. ಅದರ ವಾಲ್ವಿನ ಕತ್ತಿನಲ್ಲಿ ಹಳೇ ಸೋರಿಕೆ. ಬೀದಿಯವರು ಎಷ್ಟೋ ಸಲ ಹೇಳಿದ್ದರು, ಅವನು ಆಗಲಿ ಆಗಲಿ ಅನ್ನುತ್ತ ಮುಂದೂಡುತ್ತಲೇ ಬಂದಿದ್ದ. ಚೇಂಬರಿನ ಪಕ್ಕ ಒಂದು ಶಾಲೆಯ ಬ್ಯಾಗು ಬಿದ್ದಿತ್ತು. ಬ್ಯಾಗಿನ ಆಚೆ ಎರಡು ಪುಟ್ಟ ಕಾಲು. ಸೈಕಲ್ ಬಿಸಾಕಿ ಓಡಿದ.

ಗುಂಡಮ್ಮ ಬೋರಲು ಮಲಗಿದ್ದಳು. ಮುಚ್ಚಳದ ಒಡಕಿನಿಂದ ಭುಜದವರೆಗೆ ಕೈ ಇಳಿಬಿಟ್ಟು, ಅಡಿಯಲ್ಲಿ ನಿಂತ ನೀರನ್ನು ಅಂಗೈಯಲ್ಲಿ ಎತ್ತುತ್ತಿದ್ದಳು. ಮೇಲೆ ಬರುವಷ್ಟರಲ್ಲಿ ಅರ್ಧ ಚೆಲ್ಲಿಹೋಗುತ್ತಿತ್ತು. ಉಳಿದದ್ದನ್ನು ಕೆಸರಿನ ಸಮೇತ ನೆಕ್ಕುತ್ತಿದ್ದಳು. ಅಪ್ಪನ ಜೊತೆ ಸುತ್ತಿ ಕಲಿತದ್ದು ಅವಳಿಗೆ ಹೀಗೆ ಉಪಯೋಗಕ್ಕೆ ಬಂದಿತ್ತು.

ಅಪ್ಪನನ್ನು ಕಂಡು ಎದ್ದು ಕೂತಳು. ಗಲ್ಲದ ಮೇಲೆಲ್ಲ ಮಣ್ಣು.

“ಸ್ವಲ್ಪಾನೇ ಕುಡಿದೆ ಅಪ್ಪಾ.”

ಅವನು ಬೈಯಲಿಲ್ಲ. ಬೈಯುವುದಿಲ್ಲ ಎಂದು ಮಾತು ಕೊಟ್ಟುಕೊಂಡಿದ್ದನಲ್ಲ. ಅಂಗಿಯ ತುದಿಯಿಂದ ಬಾಯಿ ಒರೆಸಿದ, ನಾಲಿಗೆ ಹೊರಗೆ ಹಾಕಿಸಿ ಅದನ್ನೂ ಒರೆಸಿದ. ಎತ್ತಿ ಬಾರಿನ ಮೇಲೆ ಕೂರಿಸಿದಾಗ ಅವಳು ಅಷ್ಟು ಹಗುರಾಗಿದ್ದಳೆಂದು ಗಮನಕ್ಕೆ ಬಂತು. ಬಂದದ್ದು ಹಾಗೇ ಹೋಯಿತು. ಅವನ ತಲೆಯಲ್ಲಿ ಆಗ ಇದ್ದದ್ದು ಆ ಚೇಂಬರಿನ ಹೊಲಸು ನೀರು. ಬೀದಿಯ ಕೊಚ್ಚೆಯೆಲ್ಲ ಇಳಿಯುವ ಗುಂಡಿ ಅದು. ಮಗು ಕಾಯಿಲೆ ಬೀಳುವುದಿಲ್ಲವೇ?

ಅವಳನ್ನು ಮನೆಗೆ ಬಿಟ್ಟವನು ನೇರ ಆ ತಿರುವಿಗೆ ವಾಪಸ್ಸು ಬಂದ. ಒಡೆದ ಮುಚ್ಚಳ ಸರಿಸಿ ಒಳಗಿಳಿದ. ನಟ್ಟು ಸಡಿಲಿಸಿ, ನೀರು ಸೋರದಂತೆ ಹಿಂದೆಂದೋ ಸುತ್ತಿದ್ದ ಕೊಳೆತ ಹಗ್ಗ ಕಿತ್ತು, ಗ್ರೀಸು ಸವರಿದ ಹೊಸ ಹಗ್ಗವನ್ನು ವಾಲ್ವಿನ ಕತ್ತಿಗೆ ಒತ್ತಿ ಸುತ್ತಿ ಬಿಗಿದ. ಅಡಿಯಲ್ಲಿ ನಿಂತ ನೀರನ್ನು ಡಬ್ಬಿಯಿಂದ ಮೊಗೆದು ಹೊರಗೆ ಚೆಲ್ಲಿದ, ಉಳಿದದ್ದನ್ನು ಗೋಣಿಚೀಲದಿಂದ ಒರೆಸಿದ. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, “ಅಂತೂ ಇಂತೂ ಮನಸ್ಸು ಬಂತಲ್ಲಪ್ಪ ನಿನಗೆ, ಪುಣ್ಯ ಬರಲಿ,” ಅಂದಳು. ನೀರಣ್ಣ ಕೀಲಿ ಇಟ್ಟು ಕಿವಿ ಆನಿಸಿದ. ಒಂದು ಹನಿಯ ಸದ್ದೂ ಇಲ್ಲ. ಸಮಾಧಾನದಿಂದ ಮನೆಗೆ ಹೋದ. ಅಪ್ಪನಾದವನು ಮಾಡಬೇಕಾದ್ದನ್ನು ಮಾಡಿದೆ ಎಂದು ಆ ಸಂಜೆ ಅವನಿಗೆ ನಿಜವಾಗಿಯೂ ಅನ್ನಿಸಿತ್ತು.

ಮರುದಿನ ಗುಂಡಮ್ಮನಿಗೆ ಹೊಟ್ಟೆನೋವು, ವಾಂತಿ. ಚೇಂಬರಿನ ನೀರೇ ಮಾಡಿದ್ದು ಎಂದು ಅವನು ಹೇಳಿದ, ಹೆಂಡತಿಯೂ ಒಪ್ಪಿದಳು. ಹೊಟ್ಟೆ ಖಾಲಿ ಇರಲಿ, ಕೆಟ್ಟದ್ದೆಲ್ಲ ಹೊರಗೆ ಹೋಗಲಿ ಎಂದು ಏನೂ ಕೊಡಲಿಲ್ಲ. ಒಂದೆರಡು ಚಮಚ ನೀರು ಬಾಯಿಗೆ ಹಾಕಿದರೆ ಅದೂ ಹೊರಗೆ ಬಂತು. ಸಂಜೆಯ ಹೊತ್ತಿಗೆ ಅವಳು ಮಾತಾಡುವುದನ್ನು ಬಿಟ್ಟು ಮಲಗಿದಳು. ನಿದ್ದೆ ಬಂತು, ಇನ್ನು ಸರಿಹೋಗುತ್ತಾಳೆ ಎಂದು ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಂಡರು.

ಬೆಳಿಗ್ಗೆ ಕೀಲಿ ಎತ್ತಿಕೊಳ್ಳುವ ಮುಂಚೆ ನೀರಣ್ಣ ರೂಢಿಯಂತೆ ಹಾಸಿಗೆ ಮುಟ್ಟಿ ನೋಡಿದ. ಒದ್ದೆ. ದಿನವೂ ಇರುವಷ್ಟೇ ಒದ್ದೆ, ಚಾಪೆಗೂ ಇಳಿದಿತ್ತು.

ಅವನು ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತುಬಿಟ್ಟ. ನಿನ್ನೆ ಇಡೀ ದಿನ ಇವಳ ಹೊಟ್ಟೆಗೆ ಒಂದು ಲೋಟ ನೀರೂ ಹೋಗಿಲ್ಲ. ಹೋದ ಹನಿಯೂ ವಾಂತಿಯಾಗಿದೆ. ಹಾಗಾದರೆ ಇದು ಎಲ್ಲಿಂದ ಬಂತು? ಮೇಲಿನ ವಾಲ್ವ್ ಪೂರಾ ಮುಚ್ಚಿಯೂ ಕೆಳಗೆ ಹರಿಯುತ್ತಲೇ ಇದ್ದರೆ ಅದರರ್ಥ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರೂ ಇರಲಿಲ್ಲ. ಟ್ಯಾಂಕೇ ಖಾಲಿಯಾಗುತ್ತಿದೆ. ಅವಳು ಕುಡಿದದ್ದರಿಂದ ಹರಿದದ್ದಲ್ಲ. ಹರಿದು ಹೋಗುತ್ತಿದ್ದುದರಿಂದ ಕುಡಿಯುತ್ತಿದ್ದಳು. ಇಷ್ಟು ದಿನ ತಾನು ಮುಚ್ಚಿದ್ದು ಯಾವುದನ್ನು ಎಂದು ಅವನಿಗೆ ಆಗ ತಿಳಿಯಿತು.

“ಗುಂಡಮ್ಮಾ,” ಎಂದು ಅಲುಗಾಡಿಸಿದ. ಕಣ್ಣು ಅರೆ ತೆರೆದವು, ಅವನನ್ನು ನೋಡಲಿಲ್ಲ. ಎದೆ ದೊಡ್ಡದಾಗಿ ಏರಿಳಿಯುತ್ತಿತ್ತು. ನೀರು ಬರುವ ಮುಂಚೆ ಖಾಲಿ ನಲ್ಲಿಯಲ್ಲಿ ಗಾಳಿ ಬುಸುಗುಡುವ ಹಾಗೆ ಉಸಿರು ಆಳದಿಂದ ಎಳೆದು ಬರುತ್ತಿತ್ತು, ಹಣ್ಣು ಕೊಳೆತಂಥ ವಾಸನೆ ಬೇರೆ. ಒದ್ದೆ ಚಾದರದ ಸಮೇತ ಎತ್ತಿಕೊಂಡು ಅವನು ಬೀದಿಗೆ ಓಡಿದ, ಹಿಂದೆಯೇ ಹೆಂಡತಿ. ಚಾದರದ ತುದಿ ನೆಲಕ್ಕೆ ಎಳೆಯುತ್ತಿತ್ತು. ಹಾಲಿನವರು, ಪೇಪರಿನವರು, ಕಸ ಗುಡಿಸುವವರು ಎಲ್ಲರೂ ನೋಡಿದರು. ಯಾರು ನೋಡಬಾರದೆಂದು ಇಷ್ಟು ದಿನ ಟಾರ್ಪಾಲು ಸುತ್ತಿದ್ದನೋ ಅವರೆಲ್ಲ ನೋಡಿದರು. ಅವರಲ್ಲೇ ಒಬ್ಬರು ಆಟೋ ನಿಲ್ಲಿಸಿಕೊಟ್ಟರು.

ಆ ದಿನ ಊರಿನ ಯಾವ ಬೀದಿಗೂ ಹೊತ್ತಿಗೆ ಸರಿಯಾಗಿ ನೀರು ಬರಲಿಲ್ಲ. ಕೊಡಗಳ ಸಾಲು ನಲ್ಲಿಗಳ ಮುಂದೆ ಬಿಸಿಲೇರುವವರೆಗೂ ಹಾಗೇ ನಿಂತಿತ್ತು. ಜನ ನೀರಣ್ಣನನ್ನು ಬಾಯಿಗೆ ಬಂದಂತೆ ಬೈದರು. ಕೀಲಿ ಅವನ ಮನೆಯ ಗೋಡೆಗೆ ಒರಗಿಕೊಂಡಿತ್ತು.

ಆಸ್ಪತ್ರೆಯಲ್ಲಿ ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ನೋಡಿದರು. ಆಮೇಲೆ ಓಡಾಟವೋ ಓಡಾಟ. ನೀರಣ್ಣನನ್ನು ಪರದೆಯ ಆಚೆ ನಿಲ್ಲಿಸಿದರು. ಗಂಡ ಹೆಂಡತಿ ತಲೆಯ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕೂತರು. ಉಳಿಯುತ್ತಾಳೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವರೂ ಕೇಳುವ ಧೈರ್ಯ ಮಾಡಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

“ಸಕ್ಕರೆ ಕಾಯಿಲೆ. ಮಕ್ಕಳಿಗೂ ಬರತ್ತೆ. ಮೈಗೆ ಸೇರಬೇಕಾದ ಸಕ್ಕರೆ ಉಚ್ಚೇಲಿ ಹೋಗ್ತಾ ಇತ್ತು. ಹೋಗುವಾಗ ಮೈಯಲ್ಲಿರೋ ನೀರನ್ನೂ ಎಳ್ಕೊಂಡು ಹೋಗತ್ತೆ. ಅದಕ್ಕೇ ಆ ಬಾಯಾರಿಕೆ, ಅದಕ್ಕೇ ಹಾಸಿಗೆ ಒದ್ದೆ. ಇವಳು ಮೊದಲಿಂದಲೂ ಹಾಸಿಗೇಲಿ ಮಾಡ್ತಿದ್ದಳಾ?”

“ಇಲ್ಲ ಮೇಡಂ. ವರ್ಷಗಳ ಹಿಂದೆಯೇ ನಿಂತಿತ್ತು,” ಅಂದಳು ತಾಯಿ.

“ಅದೇ ವ್ಯತ್ಯಾಸ. ಚಿಕ್ಕಂದಿನಿಂದ ನಿಲ್ಲದೇ ಇರೋ ಮಕ್ಕಳು ಬಹಳ ಜನ ಇದ್ದಾರೆ, ಮುಕ್ಕಾಲು ಪಾಲು ತಾನಾಗೇ ಬಿಟ್ಟುಹೋಗತ್ತೆ. ನಿಂತಿದ್ದು ಮತ್ತೆ ಶುರುವಾದ್ರೆ ಮಾತ್ರ ಏನೋ ಕಾರಣ ಇರತ್ತೆ, ತಡ ಮಾಡದೆ ತೋರಿಸಬೇಕು. ಇರುವೆ ಬರ್ತಿದ್ವಾ?”

ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಬಿಸ್ಕತ್ತಿನ ಡಬ್ಬಿ ಇನ್ನೂ ಅಟ್ಟದ ಮೇಲೇ ಇತ್ತು.

“ಚೆನ್ನಾಗಿ ನೀರು ಕುಡೀತಿದ್ದಳಾ? ಹಾಗೆ ಕುಡಿದಿದ್ರಿಂದಲೇ ಇಷ್ಟು ದಿನ ತಡ್ಕೊಂಡಿರಬೇಕು. ಆದ್ರೂ ಇವಳು ತುಂಬಾ ಒಣಗಿದ್ದಾಳೆ, ಅದೇ ನನಗೆ ಅರ್ಥ ಆಗ್ತಿಲ್ಲ.”

ನೀರಣ್ಣ ಎದ್ದು ನಿಂತ. ಜೇಬಿಗೆ ಕೈ ಹಾಕಿ ಬಚ್ಚಲ ವಾಲ್ವಿನ ಹಿಡಿಯನ್ನು ತೆಗೆದು ಡಾಕ್ಟರಮ್ಮನ ಮುಂದೆ ಬೆಂಚಿನ ಮೇಲೆ ಇಟ್ಟ. ಇದೇನೆಂದು ಅವರಿಗೆ ತಿಳಿಯಲಿಲ್ಲ.

“ನಾನೇ ನಿಲ್ಲಿಸಿದ್ದೆ ಮೇಡಂ,” ಅಂದ. “ನೀರು ನಾನೇ ನಿಲ್ಲಿಸಿದ್ದೆ.”

ಡಾಕ್ಟರಮ್ಮ ಆ ಹಿಡಿಯನ್ನೂ ಅವನ ಮುಖವನ್ನೂ ನೋಡಿದರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಎದ್ದು ಒಳಗೆ ಹೋದರು.

ಗುಂಡಮ್ಮ ಬದುಕಿದಳು. ಕೈಗೆ ಡ್ರಿಪ್ಪು ಹಾಕಿದ್ದರು. ಬಾಟಲಿಯಿಂದ ಇಳಿಯುವ ಸಣ್ಣ ಕೊಳವೆಯ ನಡುವೆ ಒಂದು ಪುಟ್ಟ ಗಾಲಿ. ಅದನ್ನು ಒತ್ತಿದರೆ ಹನಿ ನಿಧಾನ, ಬಿಟ್ಟರೆ ಜೋರು. ಅದು ಏನೆಂದು ನೀರಣ್ಣನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದನ್ನು ನೋಡಲಾಗದೆ ಅವನು ಮಂಚದ ಇನ್ನೊಂದು ಬದಿಗೆ ಹೋಗಿ ಕೂತ. ಮರುದಿನ ವಾಂತಿ ನಿಂತ ಮೇಲೆ ನರ್ಸು ಒಂದು ಲೋಟ ನೀರು ತಂದು, “ಇನ್ನು ಕುಡೀಬಹುದು ಪುಟ್ಟಾ, ಬೇಕಾದಷ್ಟು ಕುಡಿ,” ಎಂದು ಕೈಗಿಟ್ಟಳು. ಗುಂಡಮ್ಮ ಲೋಟ ಹಿಡಿದುಕೊಂಡಳು, ಬಾಯಿಗೆ ಇಡಲಿಲ್ಲ. ತಲೆ ತಿರುಗಿಸಿ ಅಪ್ಪನನ್ನು ನೋಡಿದಳು.

“ಕುಡಿ ಮಗಳೇ,” ಅಂದ ಅವನು.

ಇದೆಲ್ಲ ಆಗಿ ವರ್ಷಗಳು ಕಳೆದಿವೆ. ಹೊಟ್ಟೆಗೂ ತೊಡೆಗೂ ಸೂಜಿ ಚುಚ್ಚಿಕೊಳ್ಳುವುದನ್ನು ಗುಂಡಮ್ಮ ತಾನೇ ಕಲಿತಿದ್ದಾಳೆ; ಅದು ಅವಳಿಗೆ ಆಯಸ್ಸು ಇರುವವರೆಗೂ ತಪ್ಪಿದ್ದಲ್ಲ. ಮೈ ಸ್ವಲ್ಪ ತುಂಬಿಕೊಂಡಿದ್ದಾಳೆ. ಔಷಧಿ ಶುರುವಾದ ವಾರದಲ್ಲೇ ಹಾಸಿಗೆ ಒದ್ದೆಯಾಗುವುದು ನಿಂತಿತ್ತು. ಯಾವ ಒಣ ಹಾಸಿಗೆಗಾಗಿ ಅಷ್ಟೆಲ್ಲ ಮಾಡಿದ್ದನೋ ಅದನ್ನು ಮೊದಲ ಸಲ ಮುಟ್ಟಿದ ಬೆಳಿಗ್ಗೆ ನೀರಣ್ಣ ಬಚ್ಚಲಿಗೆ ಹೋಗಿ, ನಲ್ಲಿ ಪೂರಾ ಬಿಟ್ಟು, ಆ ಸದ್ದಿನಲ್ಲಿ ಅತ್ತ. ಪೂರಾ ತೆರೆದಿಟ್ಟ ಆ ವಾಲ್ವಿಗೆ ಈಗಲೂ ಹಿಡಿ ಇಲ್ಲ. ಅವನು ಅದನ್ನು ಮತ್ತೆ ಹಾಕಲೇ ಇಲ್ಲ.

ನೀರಣ್ಣ ಮೆತ್ತಗಾಗಿದ್ದಾನೆ ಎಂದು ಬೀದಿಯವರು ಹೇಳುತ್ತಾರೆ. ಕೇಳಿದರೆ ಇನ್ನಷ್ಟು ಹೊತ್ತು ಬಿಡುತ್ತಾನಂತೆ. ಕೆಳಗಿನ ಬೀದಿಯವರು ಅದಕ್ಕೇ ಶಾಪ ಹಾಕುತ್ತಾರೆ, ಮೇಲಧಿಕಾರಿಗಳು ನೋಟೀಸು ಕೊಟ್ಟಿದ್ದಾರೆ. ಅವನು ಯಾವುದನ್ನೂ ತಲೆಗೆ ಹಾಕಿಕೊಳ್ಳುವುದಿಲ್ಲ.

ತಲೆಗೆ ಹಾಕಿಕೊಂಡಿರುವುದು ಒಂದನ್ನೇ. ಮಗಳು ಈಗಲೂ ನೀರಿನ ಲೋಟ ಕೈಗೆತ್ತಿಕೊಂಡರೆ ಮೊದಲು ಅಪ್ಪನ ಕಡೆ ನೋಡುತ್ತಾಳೆ. ಅವಳಿಗೆ ಅದು ಗೊತ್ತೂ ಆಗುವುದಿಲ್ಲ. ಕೇಳಿದರೆ ಇಲ್ಲವಲ್ಲ ಅನ್ನುತ್ತಾಳೆ, ನಗುತ್ತಾಳೆ. ಹಾಗೆ ನೋಡುವ ಕೆಲಸವೇ ಅವಳಿಗೆ ಬೇಡವೆಂದು ನೀರಣ್ಣ ಒಂದು ಉಪಾಯ ಮಾಡಿದ್ದಾನೆ. ಅವಳು ಬಿಂದಿಗೆಯ ಕಡೆ ಹೊರಟದ್ದು ಕಂಡರೆ ಏನೋ ನೆನಪಾದವನಂತೆ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾನೆ. ಒಳಗೆ ಲೋಟ ಅದ್ದಿದ ಸದ್ದು ಕೇಳುತ್ತದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳುವುದಿಲ್ಲ. ಕುಡಿಯುವ ಸದ್ದಿಗಾಗಿ ಅವನು ಬಾಗಿಲ ಕಡೆ ಕಿವಿ ಕೊಡುತ್ತಾನೆ.

“ಅಪ್ಪಾ,” ಎಂದು ಒಳಗಿನಿಂದ ಅವಳ ದನಿ ಬರುತ್ತದೆ, “ಎಲ್ಲಿದ್ದೀಯ? ಕುಡೀಲಾ?”